ರೈಬೋಸ್ವಿಚ್: ಆರ್‌ಎನ್‌ಎ ತಾನೇ ಅಣುವನ್ನು ಗುರುತಿಸಿ ಜೀನ್ ನಡೆಸುವ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ರೈಬೋಸ್ವಿಚ್ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಒಂಥರಾ ಗಲಿಬಿಲಿ. ಅಲ್ಲಿಯವರೆಗೆ ಓದಿದ್ದಕ್ಕೆ ಇದು ಹೊಂದುವುದಿಲ್ಲ ಅನ್ನಿಸುತ್ತದೆ ಅವರಿಗೆ. ಹಾಗಾಗಿ ಪ್ರಶ್ನೆಗಳೂ ಜಾಸ್ತಿ. ವರ್ಷಗಟ್ಟಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ರೈಬೋಸ್ವಿಚ್ ಅಂದರೆ ಏನು?

ಜೀನ್‌ನಲ್ಲಿರುವ ಮಾಹಿತಿಯನ್ನು ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಒಯ್ಯುವುದು ಸಂದೇಶವಾಹಕ ಆರ್‌ಎನ್‌ಎ. ಇದರ ಮುಂಭಾಗದಲ್ಲಿ, ಪ್ರೋಟೀನ್ ಬರಹ ಶುರುವಾಗುವ ಮೊದಲೇ, ಒಂದಷ್ಟು ಉದ್ದದ ಎಳೆ ಇರುತ್ತದೆ. ಕೆಲವು ಜೀನ್‌ಗಳಲ್ಲಿ ಈ ಎಳೆ ಸುಮ್ನೆ ಬಿದ್ದಿರುವುದಿಲ್ಲ. ಮಡಚಿಕೊಂಡು ಒಂದು ಗುಂಡಿಯ (ಅಂದರೆ ಕುಳಿಯ) ಆಕಾರ ಮಾಡಿಕೊಳ್ಳುತ್ತದೆ. ಆ ಗುಂಡಿಗೆ ಸರಿಯಾಗಿ ಕೂರುವ ಒಂದು ಸಣ್ಣ ಅಣು ಬಂದು ಕೂತರೆ ಎಳೆಯ ಮಡಿಕೆ ಬದಲಾಗುತ್ತದೆ. ಮಡಿಕೆ ಬದಲಾದರೆ ಮುಂದಿರುವ ಜೀನ್ ಕೆಲಸ ನಿಲ್ಲುತ್ತದೆ ಅಥವಾ ಶುರುವಾಗುತ್ತದೆ. ಇದೇ ರೈಬೋಸ್ವಿಚ್. ಮಧ್ಯೆ ಯಾವ ಪ್ರೋಟೀನಿನ ಸಹಾಯವೂ ಬೇಕಾಗಿಲ್ಲ.

ಲೈಗ್ಯಾಂಡ್ ಅಂತಾರಲ್ಲ, ಅದು ಯಾವುದು?

ಆ ಗುಂಡಿಯಲ್ಲಿ ಬಂದು ಕೂರುವ ಅಣುವೇ ಲೈಗ್ಯಾಂಡ್. ಬಿ1, ಬಿ2, ಬಿ12 ಜೀವಸತ್ವಗಳಿಂದ ಬರುವ ಅಣುಗಳು, ಲೈಸಿನ್, ಗ್ಲೈಸಿನ್‌ನಂಥ ಅಮೈನೋ ಆಮ್ಲಗಳು, ಆರ್‌ಎನ್‌ಎಯ ಅಕ್ಷರಗಳೇ ಆದ ಗ್ವಾನೀನ್ (ಜಿ), ಅಡೆನೀನ್ (ಎ), ಮೆಗ್ನೀಸಿಯಂ, ಮ್ಯಾಂಗನೀಸ್, ಕೊನೆಗೆ ಫ್ಲೋರೈಡ್ ಕೂಡ. ಇಲ್ಲಿಯವರೆಗೆ 55ಕ್ಕೂ ಹೆಚ್ಚು ಬಗೆಯ ರೈಬೋಸ್ವಿಚ್‌ಗಳು ಸಿಕ್ಕಿವೆ.

ಜೀನ್ ಆನ್, ಆಫ್ ಮಾಡುವುದು ಪ್ರೋಟೀನ್ ಅಂತ ಪುಸ್ತಕದಲ್ಲಿದೆ. ಅದು ತಪ್ಪಾ?

ತಪ್ಪಲ್ಲ, ಅಷ್ಟೇ ಪೂರ್ತಿ ಅಲ್ಲ. 1961ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಜಾಕಬ್ ಮತ್ತು ಮೊನೋ ಲ್ಯಾಕ್ ಓಪೆರಾನ್ (ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ಬಳಸಲು ಬೇಕಾದ ಜೀನ್‌ಗಳ ಗುಂಪು) ಕಥೆ ಹೇಳಿದರು. ಅಲ್ಲಿ ರಿಪ್ರೆಸರ್ ಅನ್ನುವ ಪ್ರೋಟೀನ್ ಡಿಎನ್‌ಎ ಮೇಲೆ ಕೂತು ದಾರಿ ತಡೆಯುತ್ತದೆ. ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ಆಮೇಲೆ ಯಾವ ಜೀನ್ ನೋಡಿದರೂ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ರಿಪ್ರೆಸರ್ ಪ್ರೋಟೀನನ್ನೇ.

ಕೆಲವು ಕಡೆ ಮಾತ್ರ ಅದು ಸಿಗಲೇ ಇಲ್ಲ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬಿ12 ಅನ್ನು ಒಳಗೆ ತರುವ ಬಿಟಿಯುಬಿ ಎಂಬ ಜೀನ್ ಇದೆ. ಬಿ12 ಸಾಕಷ್ಟಿದ್ದರೆ ಅದು ತಣ್ಣಗಾಗುತ್ತದೆ. ಬಿ12 ಬಂದಿದೆ ಅಂತ ಅದಕ್ಕೆ ಹೇಳುವವರು ಯಾರು? ಎಷ್ಟು ಹುಡುಕಿದರೂ ಅಂಥ ಪ್ರೋಟೀನ್ ಸಿಗಲಿಲ್ಲ. ಬಿ1, ಬಿ2 ಜೀನ್‌ಗಳ ವಿಷಯದಲ್ಲೂ ಹಾಗೇ ಆಯಿತು. ಆದರೆ ಒಂದು ಸುಳಿವು ಮಾತ್ರ ಎದ್ದು ಕಾಣುತ್ತಿತ್ತು. ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಈ ಜೀನ್‌ಗಳ ಮುಂದಿನ ಆರ್‌ಎನ್‌ಎ ಎಳೆ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಕೋಟಿಗಟ್ಟಲೆ ವರ್ಷ ಬದಲಾಗದೆ ಉಳಿದಿದೆ ಅಂದರೆ ಅದಕ್ಕೇನೋ ಕೆಲಸ ಇದೆ ಅಂತಲೇ ಅರ್ಥ, ಅಲ್ವಾ?

ಹಾಗಾದರೆ ಕಂಡುಹಿಡಿದವರು ಯಾರು?

2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ಪ್ರಯೋಗಾಲಯ ಬಿ12, ಬಿ1 ಮತ್ತು ಬಿ2 ಅಣುಗಳು ನೇರವಾಗಿ ಆರ್‌ಎನ್‌ಎಗೇ ಅಂಟಿಕೊಳ್ಳುತ್ತವೆ ಎಂದು ತೋರಿಸಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಎವ್ಗೆನಿ ನುಡ್ಲರ್ ಅವರ ತಂಡವೂ ಬಿ1, ಬಿ2 ವಿಷಯದಲ್ಲಿ ಇದನ್ನೇ ತೋರಿಸಿತು.

ಇದರ ಹಿಂದಿನ ಒಂದು ಮೆಟ್ಟಿಲು ನನಗೆ ಬಹಳ ಇಷ್ಟ. 1990ರಲ್ಲಿ ಎರಡು ತಂಡಗಳು ಪ್ರಯೋಗಾಲಯದಲ್ಲೇ ಕೋಟ್ಯಂತರ ಬೇರೆ ಬೇರೆ ಆರ್‌ಎನ್‌ಎ ಎಳೆಗಳನ್ನು ತಯಾರಿಸಿದವು. ಬೇಕಾದ ಅಣುವಿಗೆ ಅಂಟುವ ಎಳೆಗಳನ್ನು ಮಾತ್ರ ಹೆಕ್ಕಿದವು. ಹಾಗೆ ಆರಿಸಿದ ಎಳೆಗಳಿಗೆ ಆಪ್ಟಮರ್ ಅಂತ ಹೆಸರು ಬಂತು. ಮನುಷ್ಯ ಪ್ರಯೋಗಾಲಯದಲ್ಲಿ ಇಂಥದ್ದನ್ನು ಮಾಡಬಹುದಾದರೆ ಪ್ರಕೃತಿ ಯಾಕೆ ಮಾಡಿರಬಾರದು ಎಂಬ ಪ್ರಶ್ನೆ ಅಲ್ಲಿಂದಲೇ ಗಟ್ಟಿಯಾಯಿತು. ರೈಬೋಸ್ವಿಚ್‌ನ ಗುಂಡಿ ಭಾಗಕ್ಕೆ ಇವತ್ತಿಗೂ ಆಪ್ಟಮರ್ ಅಂತಲೇ ಕರೆಯುತ್ತಾರೆ.

ಆರ್‌ಎನ್‌ಎಯಲ್ಲಿ ಇರುವುದೇ ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರ. ಅಷ್ಟರಲ್ಲೇ ಒಂದು ಅಣುವನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುತ್ತದಾ?

ಗುರುತಿಸುತ್ತದೆ. ಅದೂ ಎಷ್ಟು ನಿಖರವಾಗಿ ಅನ್ನುವುದಕ್ಕೆ ಎರಡು ಉದಾಹರಣೆ ಹೇಳುತ್ತೇನೆ.

ಮೊದಲನೆಯದು ಗ್ವಾನೀನ್ ರೈಬೋಸ್ವಿಚ್. ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸಬ್‌ಟಿಲಿಸ್ ಬ್ಯಾಕ್ಟೀರಿಯಾದಲ್ಲಿ ಇದೆ. ಮೂರು ಸುರುಳಿಗಳು ಒಂದು ಕೂಡುದಾರಿಯಲ್ಲಿ ಸೇರಿದಂತೆ ಇದರ ಆಕಾರ. ಆ ಕೂಡುವ ಜಾಗದ ನಡುವೆ ಗ್ವಾನೀನ್ ಕೂರುತ್ತದೆ. ಸುತ್ತಲಿನ ಅಕ್ಷರಗಳು ಅದನ್ನು ಎಲ್ಲ ಕಡೆಯಿಂದ ಅಪ್ಪಿಕೊಳ್ಳುತ್ತವೆ. ಹೊರಗೆ ಇಣುಕಲೂ ಜಾಗ ಬಿಡುವುದಿಲ್ಲ. ಅದರಲ್ಲಿ 74ನೇ ಅಕ್ಷರ ಸಿ. ಡಿಎನ್‌ಎಯಲ್ಲಿ ಜಿ ಮತ್ತು ಸಿ ಜೋಡಿಯಾಗುವ ರೀತಿಯಲ್ಲೇ ಈ ಸಿ ಒಳಗೆ ಬಂದ ಗ್ವಾನೀನನ್ನು ಹಿಡಿಯುತ್ತದೆ. ಅಡೆನೀನ್ ಹಿಡಿಯುವ ರೈಬೋಸ್ವಿಚ್ ನೋಡಿದರೆ ಹೆಚ್ಚುಕಮ್ಮಿ ಅದೇ ಆಕಾರ, ಆದರೆ 74ನೇ ಜಾಗದಲ್ಲಿ ಯು. ಆ ಒಂದೇ ಅಕ್ಷರವನ್ನು ಸಿ ಇಂದ ಯು ಮಾಡಿದರೆ ಗ್ವಾನೀನ್ ಹಿಡಿಯುತ್ತಿದ್ದ ಎಳೆ ಅಡೆನೀನ್ ಹಿಡಿಯಲು ಶುರು ಮಾಡುತ್ತದೆ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಎರಡನೆಯದು ಪ್ರಯೋಗಾಲಯದಲ್ಲಿ ಆರಿಸಿದ ಆಪ್ಟಮರ್, 1994ರದ್ದು. ಥಿಯೋಫಿಲಿನ್ ಗೊತ್ತಲ್ಲ, ಉಬ್ಬಸಕ್ಕೆ ಕೊಡುವ ಔಷಧಿ. ಅದಕ್ಕೂ ನಾವು ಕುಡಿಯುವ ಕಾಫಿಯ ಕೆಫೀನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಈ ಆಪ್ಟಮರ್ ಕೆಫೀನ್‌ಗಿಂತ 10,000 ಪಟ್ಟು ಗಟ್ಟಿಯಾಗಿ ಥಿಯೋಫಿಲಿನ್ ಹಿಡಿಯುತ್ತದೆ.

ಅಣು ಬಂದು ಕೂತಿತು, ಸರಿ. ಅದರಿಂದ ಜೀನ್ ನಿಲ್ಲುವುದು ಹೇಗೆ?

ಎಲ್ಲರಿಗೂ ತೊಡಕಾಗುವುದು ಇಲ್ಲೇ. ತರಗತಿಯಲ್ಲಿ ನಾನು ಜಡೆಗೆ ಕಟ್ಟುವ ಒಂದು ರಿಬ್ಬನ್ ತರುತ್ತೇನೆ. ಅದರ ಮೇಲೆ ದೂರ ದೂರದಲ್ಲಿ ಮೂರು ಬಣ್ಣದ ಗುರುತು: ಕೆಂಪು, ಹಸಿರು, ಹಳದಿ. ಜೊತೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು.

ನಿಯಮ ಇಷ್ಟೇ. ಹಸಿರು ಭಾಗ ಕೆಂಪಿನ ಜೊತೆಗೂ ಜೋಡಿಯಾಗಬಲ್ಲದು, ಹಳದಿಯ ಜೊತೆಗೂ ಜೋಡಿಯಾಗಬಲ್ಲದು. ಆದರೆ ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ. ಹಸಿರು ಮತ್ತು ಹಳದಿ ಸೇರಿದರೆ ರಿಬ್ಬನ್‌ನಲ್ಲಿ ಒಂದು ಬಿಗಿಯಾದ ಕುಣಿಕೆ ಬರುತ್ತದೆ. ಹೇರ್‌ಪಿನ್ ಥರದ್ದು. ಅದರ ಹಿಂದೆಯೇ ಯು, ಯು, ಯು ಅಂತ ಸಾಲಾಗಿ ಯು ಅಕ್ಷರಗಳು. ಡಿಎನ್‌ಎ ಓದಿ ಆರ್‌ಎನ್‌ಎ ಬರೆಯುತ್ತಾ ಹೋಗುವ ಪಾಲಿಮರೇಸ್ ಎಂಜೈಮ್ ಈ ಜಾಗಕ್ಕೆ ಬಂದಾಗ ಹಿಡಿತ ಸಡಿಲವಾಗಿ ಕಳಚಿಕೊಳ್ಳುತ್ತದೆ. ಬರಹ ಅಲ್ಲಿಗೇ ನಿಂತಿತು. ಜೀನ್ ಆಫ್.

ಈಗ ಬಿ2 ರೈಬೋಸ್ವಿಚ್ ತಗೊಳ್ಳಿ. ಬಿ2 ಇಂದ ತಯಾರಾಗುವ ಎಫ್‌ಎಂಎನ್ ಅದರ ಲೈಗ್ಯಾಂಡ್. ಎಫ್‌ಎಂಎನ್ ಇಲ್ಲದಾಗ ಕೆಂಪು ಭಾಗ ಬಿಡುವಾಗಿರುತ್ತದೆ, ಹೋಗಿ ಹಸಿರನ್ನು ಹಿಡಿಯುತ್ತದೆ. ಹಳದಿಗೆ ಜೋಡಿ ಸಿಗುವುದಿಲ್ಲ, ಕುಣಿಕೆ ಆಗುವುದಿಲ್ಲ. ಪಾಲಿಮರೇಸ್ ನಿರಾಳವಾಗಿ ಮುಂದೆ ಹೋಗುತ್ತದೆ. ಬಿ2 ತಯಾರಿಸುವ ಜೀನ್‌ಗಳು ಆನ್. ಎಫ್‌ಎಂಎನ್ ಬಂದು ಗುಂಡಿಯಲ್ಲಿ ಕೂತರೆ ಕೆಂಪು ಭಾಗ ಗುಂಡಿಯ ಗೋಡೆಯಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಹಸಿರಿಗೆ ಹಳದಿಯೇ ಗತಿ. ಕುಣಿಕೆ ಬಿತ್ತು, ಜೀನ್ ನಿಂತಿತು. ಬೇಕಾದಷ್ಟು ಬಿ2 ಇರುವಾಗ ಮತ್ತೆ ತಯಾರಿಸುವುದು ಯಾಕೆ?

ಮಕ್ಕಳ ಕೈಗೆ ರಿಬ್ಬನ್ ಕೊಟ್ಟು ಕ್ಲಿಪ್ ಹಾಕಿಸಿ. ಬೋರ್ಡ್ ಮೇಲೆ ಮೂರು ಸಲ ಬರೆದರೂ ತಲೆಗೆ ಹೋಗದ್ದು ಒಂದೇ ಸಲಕ್ಕೆ ಹೋಗುತ್ತದೆ.

ಇನ್ನೊಂದು ದಾರಿಯೂ ಇದೆ. ರೈಬೋಸೋಮ್ ಬಂದು ಕೂರಬೇಕಾದ ಜಾಗವನ್ನೇ ಮಡಿಕೆಯೊಳಗೆ ಮುಚ್ಚಿಡುವುದು. ಆಗ ಆರ್‌ಎನ್‌ಎ ಪೂರ್ತಿ ಬರೆದಾಗಿರುತ್ತದೆ, ಪ್ರೋಟೀನ್ ಮಾತ್ರ ತಯಾರಾಗುವುದಿಲ್ಲ. ಇ. ಕೋಲಿಯ ಬಿ1 ಜೀನ್‌ಗಳಲ್ಲಿ ಒಂದು ಹೀಗೆ ನಡೆಯುತ್ತದೆ.

ಇದಕ್ಕೆಲ್ಲ ಸಮಯ ಎಷ್ಟು ಸಿಗುತ್ತದೆ?

ಕೆಲವೇ ಸೆಕೆಂಡು. ಬ್ಯಾಕ್ಟೀರಿಯಾದ ಪಾಲಿಮರೇಸ್ ಒಂದು ಸೆಕೆಂಡಿಗೆ ಹತ್ತಾರು ಅಕ್ಷರ ಬರೆದುಬಿಡುತ್ತದೆ. ಗುಂಡಿ ಮಡಚಿ, ಅಣು ಕೂತು, ಕುಣಿಕೆ ಬೀಳುವ ಹೊತ್ತಿಗೆ ಪಾಲಿಮರೇಸ್ ಆ ಜಾಗ ದಾಟಿ ಹೋದರೆ ಮುಗಿಯಿತು. ಅದಕ್ಕೇ ನಡುನಡುವೆ ಪಾಲಿಮರೇಸ್ ಸ್ವಲ್ಪ ತಡೆದು ನಿಲ್ಲುವ ಜಾಗಗಳಿವೆ. ಇದರಿಂದ ಒಂದು ಮುಖ್ಯ ಮಾತು ತಿಳಿಯುತ್ತದೆ. ಲೈಗ್ಯಾಂಡ್ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವುದೊಂದೇ ಸಾಲದು, ಎಷ್ಟು ಬೇಗ ಬಂದು ಅಂಟುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಲೈಗ್ಯಾಂಡ್ ಬಂದರೆ ಯಾವಾಗಲೂ ಜೀನ್ ಆಫ್ ಆಗುತ್ತದಾ?

ಜಾಸ್ತಿ ಸಲ ಹೌದು, ಯಾವಾಗಲೂ ಅಲ್ಲ. ಬ್ಯಾಸಿಲಸ್‌ನಲ್ಲಿ ಅಡೆನೀನ್ ಬಂದು ಕೂತರೆ ಜೀನ್ ಆನ್ ಆಗುತ್ತದೆ. ಆ ಜೀನ್ ಕೊಡುವುದು ಹೆಚ್ಚಾದ ಅಡೆನೀನನ್ನು ಹೊರಗೆ ಹಾಕುವ ಪಂಪ್, ಹಾಗಾಗಿ ಸರಿಯಾಗಿಯೇ ಇದೆ. ಗ್ಲೈಸಿನ್ ರೈಬೋಸ್ವಿಚ್‌ನಲ್ಲಿ ಅನೇಕ ಕಡೆ ಎರಡೆರಡು ಗುಂಡಿಗಳು ಪಕ್ಕಪಕ್ಕದಲ್ಲಿರುತ್ತವೆ. ಅದೂ ಆನ್ ಮಾಡುವ ಜಾತಿಯದ್ದು.

ಎಲ್ಲಕ್ಕಿಂತ ಬೇರೆ ದಾರಿ ಹಿಡಿದದ್ದು 2004ರಲ್ಲಿ ಸಿಕ್ಕ ಜಿಎಲ್‌ಎಂಎಸ್ ಎಂಬ ರೈಬೋಸ್ವಿಚ್. ಇದರ ಲೈಗ್ಯಾಂಡ್ ಗ್ಲೂಕೋಸಮೀನ್ ಅನ್ನುವ ಸಕ್ಕರೆ ಜಾತಿಯ ಅಣುವಿನ ಒಂದು ರೂಪ. ಅದು ಬಂದು ಕೂತರೆ ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ತುಂಡಾದ ಸಂದೇಶವನ್ನು ಜೀವಕೋಶದ ಎಂಜೈಮ್‌ಗಳು ಬೇಗ ಕರಗಿಸಿಬಿಡುತ್ತವೆ. ಇಲ್ಲಿ ಲೈಗ್ಯಾಂಡ್ ಬರೀ ಮಡಿಕೆ ಬದಲಿಸುವುದಿಲ್ಲ, ಕತ್ತರಿಸುವ ಕೆಲಸದಲ್ಲಿ ತಾನೂ ಕೈಜೋಡಿಸುತ್ತದೆ.

ಆರ್‌ಎನ್‌ಎ ಮೈತುಂಬ ಋಣ ವಿದ್ಯುದಂಶ. ಫ್ಲೋರೈಡ್ ಕೂಡ ಋಣ. ಎರಡೂ ಒಂದನ್ನೊಂದು ದೂಡಬೇಕಲ್ಲವೇ?

ಈ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಇಡೀ ತರಗತಿಯ ಮುಂದೆ ಶಹಬ್ಬಾಸ್ ಹೇಳಿದ್ದೆ. ವಿಜ್ಞಾನಿಗಳಿಗೂ ಇದೇ ಅಚ್ಚರಿ. ಫ್ಲೋರೈಡ್ ರೈಬೋಸ್ವಿಚ್ ಬಗ್ಗೆ ಮೊದಲ ವರದಿ ಬಂದದ್ದು 2012ರಲ್ಲಿ. ಅದೂ ಸಿಕ್ಕ ಬಗೆ ನೋಡಿ: ಬೇರೊಂದು ರಾಸಾಯನಿಕ ಪರೀಕ್ಷಿಸುವಾಗ ಅದರಲ್ಲಿ ಕಲಬೆರಕೆಯಾಗಿ ಸೇರಿದ್ದ ಫ್ಲೋರೈಡ್‌ಗೆ ಆರ್‌ಎನ್‌ಎ ಸ್ಪಂದಿಸಿತು. ಅದನ್ನು ತಪ್ಪು ಫಲಿತಾಂಶ ಅಂತ ಬದಿಗೆ ಸರಿಸದೆ ಬೆನ್ನು ಹತ್ತಿದ್ದರಿಂದ ಇದು ಸಿಕ್ಕಿತು.

ಅದೇ ವರ್ಷ ಇದರ ಹರಳಿನ ರಚನೆಯೂ (ಹರಳು ಮಾಡಿ ಕಂಡುಕೊಂಡ ಪರಮಾಣುಗಳ ಜೋಡಣೆ) ಬಂತು. ಉತ್ತರ ಅಲ್ಲಿತ್ತು. ಮೂರು ಮೆಗ್ನೀಸಿಯಂ ಅಯಾನುಗಳು ಫ್ಲೋರೈಡನ್ನು ಸುತ್ತುವರಿದಿವೆ. ಮೆಗ್ನೀಸಿಯಂ ಧನ ವಿದ್ಯುದಂಶದ್ದು. ಹೊರಗಿನಿಂದ ಆರ್‌ಎನ್‌ಎಯ ಫಾಸ್ಫೇಟ್‌ಗಳು ಈ ಮೂರನ್ನು ಹಿಡಿದಿವೆ, ಒಳಗೆ ಈ ಮೂರು ಸೇರಿ ಫ್ಲೋರೈಡನ್ನು ಹಿಡಿದಿವೆ. ಬಿ1 ರೈಬೋಸ್ವಿಚ್‌ನಲ್ಲೂ ಇದೇ ಉಪಾಯ. ಅಲ್ಲಿ ಲೈಗ್ಯಾಂಡ್‌ನ ಫಾಸ್ಫೇಟ್ ಬಾಲವನ್ನು ಮೆಗ್ನೀಸಿಯಂ ಮೂಲಕವೇ ಹಿಡಿಯುತ್ತದೆ.

ಫ್ಲೋರೈಡ್ ಬಂದಾಗ ಆನ್ ಆಗುವ ಜೀನ್‌ಗಳಲ್ಲಿ ಮುಖ್ಯವಾದದ್ದು ಫ್ಲೋರೈಡನ್ನು ಹೊರಗೆ ಬಿಡುವ ದಾರಿಯನ್ನು ತಯಾರಿಸುತ್ತದೆ. ಬ್ಯಾಕ್ಟೀರಿಯಾಗೂ ಅದು ವಿಷ ತಾನೇ.

ಈ ವಿಷಯ ನಮ್ಮ ಊರುಗಳಿಗೆ ಹತ್ತಿರದ್ದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಪಟ್ಟೆ, ಮಂಡಿ ನೋವು, ಬಗ್ಗಿದ ಬೆನ್ನು ಅಲ್ಲಿ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಭಾರತದ ಕುಡಿಯುವ ನೀರಿನ ಮಾನದಂಡ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಮಾತ್ರ 1.5.

2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೂಲಿಯಸ್ ಲಕ್ಸ್ ಅವರ ತಂಡ ಇದೇ ರೈಬೋಸ್ವಿಚ್ ಬಳಸಿ ನೀರು ಪರೀಕ್ಷಿಸುವ ಸಾಧನ ಮಾಡಿತು. ಜೀವಂತ ಬ್ಯಾಕ್ಟೀರಿಯಾ ಬೇಕಿಲ್ಲ. ಅದರೊಳಗಿನ ಸಾಮಗ್ರಿಯನ್ನಷ್ಟೇ ಒಣಗಿಸಿ ಪುಟ್ಟ ಟ್ಯೂಬಿನಲ್ಲಿ ಇಟ್ಟಿರುತ್ತಾರೆ. ಒಂದು ಹನಿ ನೀರು ಹಾಕಬೇಕು. ಫ್ಲೋರೈಡ್ ಇದ್ದರೆ ಸ್ವಿಚ್ ಆನ್ ಆಗಿ ಒಂದು ಎಂಜೈಮ್ ತಯಾರಾಗುತ್ತದೆ, ಅದರಿಂದ ಟ್ಯೂಬ್ ಹಳದಿಯಾಗುತ್ತದೆ. ಕೋಸ್ಟರಿಕಾದ ಜ್ವಾಲಾಮುಖಿ ಪ್ರದೇಶದ ನೀರನ್ನು ಅಲ್ಲಿಯೇ ಹೀಗೆ ಪರೀಕ್ಷಿಸಿದರು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಮಕ್ಕಳೇ ತಮ್ಮ ಬೋರ್‌ವೆಲ್ ನೀರಿಗೆ ಇದನ್ನು ಮಾಡಿ ನೋಡುವಂತಾದರೆ ಎಷ್ಟು ಚೆನ್ನ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ರೈಬೋಸ್ವಿಚ್ ಬಿಟ್ಟು ಬೇರೆ ಆರ್‌ಎನ್‌ಎಗಳೂ ಹೀಗೆ ಸುತ್ತಲಿನದ್ದನ್ನು ಗುರುತಿಸುತ್ತವಾ?

ಹೌದು. ಟಿ-ಬಾಕ್ಸ್ ಅಂತ ಒಂದಿದೆ, 1993ರಲ್ಲೇ ಗ್ರಂಡಿ ಮತ್ತು ಹೆಂಕಿನ್ ವಿವರಿಸಿದ್ದು. ಅದು ಹಿಡಿಯುವುದು ಸಣ್ಣ ಅಣುವನ್ನಲ್ಲ, ಇನ್ನೊಂದು ಆರ್‌ಎನ್‌ಎಯನ್ನು. ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ ಗೊತ್ತಲ್ಲ. ಟಿ-ಬಾಕ್ಸ್ ಅದರ ಒಂದು ತುದಿ ನೋಡಿ ಯಾವ ಅಮೈನೋ ಆಮ್ಲದ್ದು ಅಂತ ತಿಳಿಯುತ್ತದೆ. ಇನ್ನೊಂದು ತುದಿ ಮುಟ್ಟಿ ಹೊರೆ ಇದೆಯೋ ಖಾಲಿಯೋ ನೋಡುತ್ತದೆ. ಖಾಲಿ ಇದ್ದರೆ ಅಮೈನೋ ಆಮ್ಲ ಸಾಲದು ಎಂದರ್ಥ, ಜೀನ್ ಆನ್. ಬಸ್ಸು ಹತ್ತುವ ಮೊದಲು ನಾವು ಬೋರ್ಡ್ ನೋಡಿ, ಸೀಟು ಖಾಲಿ ಇದೆಯೋ ಅಂತಲೂ ನೋಡುವ ಹಾಗೆ.

ಬಿಸಿ ಗುರುತಿಸುವ ಆರ್‌ಎನ್‌ಎಗಳೂ ಇವೆ. ಅವಕ್ಕೆ ಲೈಗ್ಯಾಂಡೇ ಬೇಡ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಕಲುಷಿತ ಆಹಾರದ ಮೂಲಕ ದೇಹಕ್ಕೆ ಬರುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ ಅದರ ಪಿಆರ್‌ಎಫ್‌ಎ ಅನ್ನುವ ಜೀನಿನ ಆರ್‌ಎನ್‌ಎ ಮಡಚಿಕೊಂಡೇ ಇರುತ್ತದೆ. ನಮ್ಮ ಮೈಯ 37 ಡಿಗ್ರಿ ತಗುಲಿದ ಕೂಡಲೇ ಮಡಿಕೆ ಬಿಚ್ಚಿಕೊಳ್ಳುತ್ತದೆ, ರೋಗ ತರುವ ಜೀನ್‌ಗಳು ಎದ್ದೇಳುತ್ತವೆ.

ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ತಯಾರಿಸುವ ಜೀನ್‌ಗಳ ಅಟೆನ್ಯೂಯೇಶನ್ (ಬರಹ ನಡುವೆಯೇ ನಿಲ್ಲುವುದು) ನಿಮ್ಮ ಪುಸ್ತಕದಲ್ಲೇ ಇದೆ, ಚಾರ್ಲ್ಸ್ ಯಾನೋಫ್‌ಸ್ಕಿ ಅವರ ಕೆಲಸ. ಅಲ್ಲಿ ಗುರುತಿಸುವ ಕೆಲಸ ರೈಬೋಸೋಮ್‌ನದು, ಆದರೆ ಕುಣಿಕೆಯ ಆಟ ಇದೇ.

ಇದನ್ನೆಲ್ಲ ಸಾಬೀತು ಮಾಡುವುದು ಹೇಗೆ?

ಇನ್‌ಲೈನ್ ಪ್ರೋಬಿಂಗ್ ಅಂತ ಒಂದು ವಿಧಾನ ಇದೆ. ಆರ್‌ಎನ್‌ಎಯ ಒಂದು ದೌರ್ಬಲ್ಯವನ್ನೇ ಅದು ಬಳಸಿಕೊಳ್ಳುತ್ತದೆ. ಆರ್‌ಎನ್‌ಎ ನಿಧಾನವಾಗಿ ತಾನಾಗಿಯೇ ತುಂಡಾಗುತ್ತಿರುತ್ತದೆ. ಸಡಿಲವಾಗಿ ಅಲ್ಲಾಡುವ ಜಾಗ ಬೇಗ ತುಂಡಾಗುತ್ತದೆ, ಬಿಗಿಯಾಗಿ ಮಡಚಿದ ಜಾಗ ಆಗುವುದಿಲ್ಲ. ಎಳೆಯ ತುದಿಗೆ ವಿಕಿರಣಶೀಲ ರಂಜಕ ಹಚ್ಚಿ, 25 ಡಿಗ್ರಿಯಲ್ಲಿ ಸುಮಾರು 40 ಗಂಟೆ ಬಿಡುತ್ತಾರೆ. ಒಂದು ಟ್ಯೂಬಿನಲ್ಲಿ ಲೈಗ್ಯಾಂಡ್ ಇರುತ್ತದೆ, ಇನ್ನೊಂದರಲ್ಲಿ ಇಲ್ಲ. ಆಮೇಲೆ ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡಲು ಜೆಲ್ ಮೇಲೆ ಓಡಿಸಿ ಗೆರೆ ನೋಡುತ್ತಾರೆ. ಲೈಗ್ಯಾಂಡ್ ಇಲ್ಲದ ಸಾಲಿನಲ್ಲಿ ಕಪ್ಪಾಗಿ ಕಾಣುವ ಕೆಲವು ಗೆರೆಗಳು ಲೈಗ್ಯಾಂಡ್ ಇರುವ ಸಾಲಿನಲ್ಲಿ ಮಸುಕಾಗಿರುತ್ತವೆ. ಆ ಜಾಗ ಬಿಗಿಯಾಯಿತು ಅಂತ ಅರ್ಥ. ಟ್ಯೂಬಿನಲ್ಲಿ ಪ್ರೋಟೀನ್ ಒಂದೂ ಇಲ್ಲ. ಆರ್‌ಎನ್‌ಎ ಮತ್ತು ಲೈಗ್ಯಾಂಡ್ ಎರಡೇ. 2002ರಲ್ಲಿ ವಾದ ಗೆದ್ದದ್ದು ಇಂಥ ಜೆಲ್‌ಗಳಿಂದಲೇ.

ನೀವೇನಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಗ್ಲೌಸ್ ಮರೆಯಬೇಡಿ. ನಮ್ಮ ಬೆರಳ ತುದಿಯಲ್ಲೇ ಆರ್‌ಎನ್‌ಎ ತಿನ್ನುವ ಎಂಜೈಮ್ ಇರುತ್ತದೆ.

ನಮ್ಮ ದೇಹದಲ್ಲಿ ರೈಬೋಸ್ವಿಚ್ ಇದೆಯಾ?

ಬಿ1, ಬಿ2 ಥರದ ಅಣು ಹಿಡಿಯುವ, ಎಲ್ಲರೂ ಒಪ್ಪಿದ ರೈಬೋಸ್ವಿಚ್ ಮನುಷ್ಯರಲ್ಲಿ ಸಿಕ್ಕಿಲ್ಲ. ಜಾಸ್ತಿ ಇರುವುದು ಬ್ಯಾಕ್ಟೀರಿಯಾಗಳಲ್ಲಿ. ಬಿ1 ರೈಬೋಸ್ವಿಚ್ ಮಾತ್ರ ಗಿಡಗಳಲ್ಲೂ ಶಿಲೀಂಧ್ರಗಳಲ್ಲೂ ಇದೆ. ಅಲ್ಲಿ ಅದು ಆರ್‌ಎನ್‌ಎಯನ್ನು ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಬೇಕು ಅನ್ನುವುದನ್ನು ಬದಲಿಸುತ್ತದೆ. ಗಿಡಕ್ಕೆ ತನ್ನ ಬಿ1 ತಾನೇ ತಯಾರಿಸಬೇಕು, ಅಳತೆ ಬೇಕೇ ಬೇಕು. ನಾವು ಊಟದಿಂದ ಪಡೆಯುವವರು.

ರೈಬೋಸ್ವಿಚ್‌ಗೆ ಗುರಿಯಿಟ್ಟ ಔಷಧಿ ಬಂದಿದೆಯಾ?

ಮಾರುಕಟ್ಟೆಗೆ ಬಂದಿಲ್ಲ. ದಾರಿ ಮಾತ್ರ ಕಾಣುತ್ತಿದೆ. ರೋಸಿಯೋಫ್ಲೇವಿನ್ ಅನ್ನುವ ಕೆಂಪು ಬಣ್ಣದ ವಸ್ತುವನ್ನು ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ತಯಾರಿಸುತ್ತದೆ. ನೋಡಲು ಬಿ2 ಥರವೇ. ಬೇರೆ ಬ್ಯಾಕ್ಟೀರಿಯಾದ ಒಳಗೆ ಹೋದರೆ ಬಿ2 ರೈಬೋಸ್ವಿಚ್‌ಗೆ ಮೋಸವಾಗುತ್ತದೆ, ಬಿ2 ಸಾಕಷ್ಟಿದೆ ಅಂದುಕೊಂಡು ತಯಾರಿಕೆ ನಿಲ್ಲುತ್ತದೆ. 2015ರಲ್ಲಿ ಮರ್ಕ್ ಕಂಪನಿಯ ವಿಜ್ಞಾನಿಗಳು ರೈಬೋಸಿಲ್ ಅನ್ನುವ ಅಣು ಹುಡುಕಿದರು. ಅದು ನೋಡಲು ಬಿ2 ಥರ ಇಲ್ಲವೇ ಇಲ್ಲ, ಆದರೂ ಅದೇ ಗುಂಡಿಯಲ್ಲಿ ಕೂರುತ್ತದೆ. ಇ. ಕೋಲಿ ಬೆಳೆಯುವುದನ್ನು ನಿಲ್ಲಿಸುತ್ತದೆ. ತೊಡಕು ಏನೆಂದರೆ, ಗುಂಡಿಯಲ್ಲಿ ಒಂದು ಅಕ್ಷರ ಬದಲಾದರೂ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಬಹುದು.

ಇದೇ ತೊಡಕು ಇನ್ನೊಂದು ಕಡೆ ಉಪಯೋಗಕ್ಕೆ ಬಂದಿದೆ. ಹಾಲು ಹುಳಿ ಮಾಡುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾಗೆ ರೋಸಿಯೋಫ್ಲೇವಿನ್ ಕೊಟ್ಟು, ಬದುಕಿ ಉಳಿದವನ್ನು ಆರಿಸುತ್ತಾರೆ. ಅವುಗಳಲ್ಲಿ ಬಿ2 ಸ್ವಿಚ್ ಕೆಟ್ಟಿರುತ್ತದೆ. ಹಾಗಾಗಿ ಅವು ನಿಲ್ಲಿಸದೆ ಬಿ2 ತಯಾರಿಸುತ್ತವೆ.

ಆರ್‌ಎನ್‌ಎಗೆ ಅಂಟುವ ಔಷಧಿ ಎಂಬುದೇ ಹೊಸದು ಅಂದುಕೊಳ್ಳಬೇಡಿ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಅಂಟುವುದು ಬ್ಯಾಕ್ಟೀರಿಯಾದ ರೈಬೋಸೋಮ್‌ನ ಆರ್‌ಎನ್‌ಎಗೇ.

ಕಂಪ್ಯೂಟರ್ ಇದೆ, ಪ್ರಯೋಗಾಲಯ ಇಲ್ಲ. ಏನಾದರೂ ನೋಡಬಹುದಾ?

ಖಂಡಿತ. ಆರ್‌ಫ್ಯಾಮ್ ಅನ್ನುವ ಉಚಿತ ಸಂಗ್ರಹದಲ್ಲಿ ಆರ್‌ಎಫ್00059 ಅಂತ ಹುಡುಕಿದರೆ ಬಿ1 ರೈಬೋಸ್ವಿಚ್ ಸಿಗುತ್ತದೆ. ಯಾವ ಯಾವ ಜೀವಿಯಲ್ಲಿದೆ ಅಂತ ಪಟ್ಟಿಯೇ ಇದೆ. ಆಮೇಲೆ ಪ್ರೋಟೀನ್ ಡೇಟಾ ಬ್ಯಾಂಕ್‌ಗೆ ಹೋಗಿ. ಹೆಸರು ಪ್ರೋಟೀನ್ ಅಂತಿದ್ದರೂ ಆರ್‌ಎನ್‌ಎ ರಚನೆಗಳೂ ಅಲ್ಲಿವೆ. 1ವೈ27 ತೆರೆದರೆ ಗ್ವಾನೀನ್ ರೈಬೋಸ್ವಿಚ್, 1ವೈ26 ತೆರೆದರೆ ಅಡೆನೀನ್ ರೈಬೋಸ್ವಿಚ್. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಮೌಸ್ ಹಿಡಿದು ನಿಧಾನವಾಗಿ ತಿರುಗಿಸಿ, ಮೂರು ಸುರುಳಿ ಕೂಡುವ ಜಾಗಕ್ಕೆ ಬನ್ನಿ, 74ನೇ ಅಕ್ಷರ ಹುಡುಕಿ. ಒಂದರಲ್ಲಿ ಸಿ, ಇನ್ನೊಂದರಲ್ಲಿ ಯು. ಅದರ ಎದುರಿಗೇ ಲೈಗ್ಯಾಂಡ್ ಕೂತಿರುತ್ತದೆ.